ಗುಬ್ಬಕ್ಕನ ಮನೆಗೆ ಮಾಳಿಗೆ ಯಾಕಿಲ್ಲ?

ಇಂಡಿ ತಾಲ್ಲೂಕಿನ ಶಾಲೆಯೊಂದರಲ್ಲಿ ಮಾಸ್ತರು ಕಾಗಕ್ಕ-ಗುಬ್ಬಕ್ಕನ ಬಣ್ಣದ ಪುಸ್ತಕ ಓದುತ್ತಿದ್ದರು. ಕಾಗಕ್ಕನ ಸಗಣಿ ಮನೆ, ಗುಬ್ಬಕ್ಕನ ಕಲ್ಲಿನ ಮನೆ, ಜಡಿಮಳೆ: ಕಥೆ ಎಲ್ಲರಿಗೂ ಬಾಯಿಪಾಠ. ನಡುವೆಯೇ ಹುಡುಗನೊಬ್ಬ ಎದ್ದ. ‘ಸರ, ಗುಬ್ಬಕ್ಕನ ಮನಿಗಿ ಮಾಳಿಗಿ ಯಾಕಿಲ್ರಿ?’

ಪುಸ್ತಕ ಇಸಿದುಕೊಂಡು ನೋಡಿದೆ. ಇಳಿಜಾರು ಕೆಂಪು ಹೆಂಚು, ಅಂಗಳದಲ್ಲಿ ತೆಂಗು, ಬೆನ್ನಿಗೆ ಹಸಿರು ಗುಡ್ಡ. ತೀರ್ಥಹಳ್ಳಿ ಇರಬಹುದು, ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಕಾಣುವ ವಿಜಯಪುರ ಜಿಲ್ಲೆಯಂತೂ ಅಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಗುಬ್ಬಕ್ಕ ಅದಕ್ಕೂ ಮೊದಲೇ ಮನೆ ಕಟ್ಟಿ ಕೂತಿದ್ದಳೆಂದು ನನ್ನ ಗಟ್ಟಿ ನಂಬಿಕೆ.

ಸಂಜೆ ಮಾಸ್ತರು ತಮ್ಮ ಹಳೇ ಮನೆ ತೋರಿಸಿದರು. ಮೊಳದಗಲದ ಗೋಡೆ, ತೊಲೆ, ಅದರ ಮೇಲೆ ಒತ್ತೊತ್ತಾಗಿ ಜಂತಿ, ಜಂತಿಯ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಬಡಿದು ಕೂರಿಸಿದ ಸವಳು ಮಣ್ಣು. ಈ ಮಟ್ಟಸ ಮಣ್ಣಿನ ಚಾವಣಿಯೇ ಹುಡುಗ ಕೇಳಿದ ಮಾಳಿಗೆ. ಬೆಳಕಿಗೆ ನೆತ್ತಿಯ ಮೇಲೊಂದು ಬೆಳಕಿಂಡಿ. ಮಳೆ ಬಂದರೆ ಯಾರಾದರೂ ಓಡಿಹೋಗಿ ಮುಚ್ಚಬೇಕು. ಗುಬ್ಬಿಗಳು ನಿಜಕ್ಕೂ ಗೂಡು ಕಟ್ಟುವುದು ಆ ಜಂತಿಯ ಸಂದಿಯಲ್ಲೇ! ಕಥೆ ಹೇಳುವ ಅಜ್ಜಿಯ ತಲೆಯ ಮೇಲೇ ಕಥಾನಾಯಕಿ ಸಂಸಾರ ಹೂಡಿದ್ದಳು. ಚಿತ್ರ ಬರೆದವರಿಗೆ ಇದಕ್ಕಿಂತ ಇನ್ನೇನು ಬೇಕಿತ್ತು?

ಕಲ್ಲಿನ ಮಾತೂ ಹಾಗೆಯೇ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆ ಗುಬ್ಬಕ್ಕ ಕರಿಕಲ್ಲು ಹೇರಿಸಬೇಕು. ಮುದ್ದೇಬಿಹಾಳ ದಾಟಿ ತಾಳಿಕೋಟೆಗೆ ಹೋದರೆ ಪದರು ಪದರಾಗಿ ಏಳುವ ಸುಣ್ಣಗಲ್ಲಿನ ಹಾಸು ಸಿಗುತ್ತದೆ. ಒಂದೇ ಜಿಲ್ಲೆಯಲ್ಲಿ ಆಕೆಗೆ ಎರಡು ಬಣ್ಣದ ಮನೆ.

ಈ ಸೀಮೆಗೆ ಜನಪದ ಹೊಸದಲ್ಲ. ಇಲ್ಲಿನ ಹಲಸಂಗಿ ಗೆಳೆಯರು ಕೂಡಿಸಿದ ಹಾಡುಗಳ ಸಂಗ್ರಹ ‘ಗರತಿಯ ಹಾಡು’ ಬಂದದ್ದು 1931ರಲ್ಲಿ. ಅವರಲ್ಲೊಬ್ಬರಾದ ಚಡಚಣದ ಸಿಂಪಿ ಲಿಂಗಣ್ಣನವರು ಉತ್ತರ ಕರ್ನಾಟಕದ ಕಥೆಗಳನ್ನೂ ಕೂಡಿಸಿದರು. ಮಾತು ಉಳಿಯಿತು, ಚಿತ್ರ ಮಾತ್ರ ಬೇರೆ ಊರಿನಿಂದ ಬಂತು. ಎಲ್ಲ ಜಿಲ್ಲೆಯಲ್ಲೂ ಮಾರಾಟವಾಗಬೇಕಲ್ಲ ಎನ್ನುವುದು ಪ್ರಕಾಶಕರ ವಾದ. ನನಗೆ ಒಪ್ಪಿಗೆಯಿಲ್ಲ, ಮಲೆನಾಡೇ ಎಲ್ಲರ ಊರು ಎಂದು ಯಾರು ಹೇಳಿದರು? ಹಿತೋಪದೇಶದ ಇಲಿ-ಹುಲಿ ಕಥೆಗೆ ಅಮೆರಿಕದ ಮಾರ್ಸಿಯಾ ಬ್ರೌನ್ 1961ರಲ್ಲಿ ಮರದಚ್ಚಿನ ಚಿತ್ರ ಮಾಡಿದರು. ಕೆಲವೇ ಬಣ್ಣ. ಊರು ಗೊತ್ತಿಲ್ಲದಿದ್ದರೆ ಹಾಗೆ ವಿವರ ಬಿಟ್ಟುಬಿಡುವುದೂ ಒಂದು ಜಾಣತನ.

ಮರುದಿನ ಮಾಸ್ತರು ಮಕ್ಕಳಿಂದಲೇ ಗುಬ್ಬಕ್ಕನ ಮನೆ ಬರೆಸಿದರು. ಮಾಳಿಗೆ ಬಂದದ್ದು ಬೆರಳೆಣಿಕೆಯಷ್ಟು ಹಾಳೆಯಲ್ಲಿ. ಹೆಚ್ಚಿನವರು ಆರ್‌ಸಿಸಿ ಸ್ಲ್ಯಾಬು ಹಾಕಿ, ಮೇಲೊಂದು ಕರೀ ಸಿಂಟೆಕ್ಸ್ ಕೂರಿಸಿದ್ದರು. ಒಬ್ಬಳು ಡಿಶ್ ಆಂಟೆನಾದ ಮೇಲೆ ಕಾಗಕ್ಕನನ್ನೂ ಕೂರಿಸಿ, ಮಳೆ ಸುರಿಸಿದ್ದಳು. ಜಂತಿ ಇಲ್ಲದ ಆ ಮನೆಯಲ್ಲಿ ಗುಬ್ಬಕ್ಕ ಎಲ್ಲಿ ಎಂದು ಕೇಳಿದೆ. ‘ಒಳಗ ಟಿವಿ ನೋಡಾಕತ್ಯಾಳ್ರಿ’ ಎಂದಳು.