ಮಧುಮೇಹ, ಮಿತಾಹಾರ ಮತ್ತು ಮೊಬೈಲ್ ಆ್ಯಪ್

ಜೋಳದ ರೊಟ್ಟಿ, ರಾಗಿಮುದ್ದೆಗಳನ್ನು ಎಷ್ಟು ಉಂಡರೂ ಮಧುಮೇಹಿಗಳಿಗೆ ಬಾಧೆಯಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ 100 ಗ್ರಾಂ ಜೋಳ ಅಥವಾ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅದು ಸಕ್ಕರೆಯಾಗಿಯೇ ರಕ್ತವನ್ನು ಸೇರುತ್ತದೆ. ಆಹಾರ ದಾಖಲಿಸುವ ಮೊಬೈಲ್ ಆ್ಯಪ್‌ಗಳು ಈ ಲೆಕ್ಕವನ್ನು ನಮ್ಮ ಕಣ್ಣೆದುರಿಗಿಡುತ್ತವೆ. ಆದರೆ ನಮ್ಮ ಮನೆಯ ರೊಟ್ಟಿಯ ಗಾತ್ರ ಆ್ಯಪ್‌ಗೆ ತಿಳಿಯದು. ಆದುದರಿಂದ ಒಂದು ರೊಟ್ಟಿಗೆ ಬೇಕಾಗುವ ಹಿಟ್ಟನ್ನು ಒಮ್ಮೆ ತೂಗಿ, ಆ ತೂಕವನ್ನೇ ನಮೂದಿಸಬೇಕು. ಪ್ರಸಾದದ ಹುಗ್ಗಿಯನ್ನೂ ಸಂಜೆಯ ಸಿಹಿ ಚಹಾವನ್ನೂ ಬಿಡಬಾರದು. ಊಟವಾರಂಭಿಸಿದ ಎರಡು ಗಂಟೆಗಳ ಬಳಿಕ ರಕ್ತದ ಸಕ್ಕರೆಯನ್ನು ಅಳೆದು ಜೊತೆಗೆ ದಾಖಲಿಸಿದರೆ, ಯಾವ ಊಟದ ಬಳಿಕ ಅದು ಎಷ್ಟಿತ್ತೆಂಬುದು ಸ್ಪಷ್ಟವಾಗುತ್ತದೆ. ಆ್ಯಪ್ ನೋಡಿ ಗುಳಿಗೆ, ಇನ್ಸುಲಿನ್‌ಗಳ ಪ್ರಮಾಣವನ್ನು ನಾವೇ ಬದಲಿಸುವುದು ಅಪಾಯಕರ. ಈ ದಾಖಲೆಯನ್ನು ವೈದ್ಯರ ಮುಂದಿಟ್ಟು, ಅವರ ಸಲಹೆಯಂತೆ ನಡೆಯೋಣ.