ಕಾಲ್ಚೆಂಡಾಟದ ಗುರುವನ್ನು ಆರಿಸುವ ಬಗೆ

ಕಾಲೇಜುಗಳಲ್ಲಿ ಭಾಷೆ, ಗಣಿತ, ವಿಜ್ಞಾನಗಳ ಅಧ್ಯಾಪಕರನ್ನು ನೇಮಿಸುವಾಗ ಆಡಳಿತ ಮಂಡಳಿಯವರು ತೋರುವ ಪರಿಶೀಲನೆಯನ್ನು ಆಟ ಕಲಿಸುವವರ ವಿಷಯದಲ್ಲಿ ತೋರುವುದು ವಿರಳ. ‘ಆಡಿ ಹೆಸರಾದವನೇ? ಪದಕಗಳುಂಟೇ?’ ಎಂದು ಕೇಳಿದರೆ ವಿಚಾರಣೆ ಮುಗಿಯಿತು. ಕಾಲ್ಚೆಂಡಾಟದ, ಅಂದರೆ ಫುಟ್‌ಬಾಲಿನ, ಮುಖ್ಯ ತರಬೇತುದಾರನ ಸ್ಥಾನಕ್ಕೆ ಬಂದ ಅಭ್ಯರ್ಥಿಯನ್ನು ಹೇಗೆ ತೂಗಿ ನೋಡಬೇಕೆಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ. ಭಾಷಾ ಪಂಡಿತನಿಗೆ ಆಟದ ಗೊಡವೆಯೇಕೆಂದು ವಾಚಕರು ಕೇಳಬಹುದು. ಗುರುವನ್ನು ಆರಿಸುವ ಪ್ರಶ್ನೆ ಎಲ್ಲ ವಿದ್ಯೆಗಳಿಗೂ ಸಮಾನವಾದುದು ಎಂಬುದೇ ಅದಕ್ಕೆ ಉತ್ತರ.

ಮೊದಲು ಪದಗಳ ಅರ್ಥವನ್ನು ನೋಡೋಣ. ‘ತರಬೇತಿ’ ಎಂಬುದು ಅರಬ್ಬೀ ಮೂಲದ ‘ತರ್ಬಿಯತ್’ ಶಬ್ದದಿಂದ ನಮ್ಮಲ್ಲಿಗೆ ಬಂದುದು. ಸಾಕಿ ಸಲಹಿ ಬೆಳೆಸುವುದು ಎಂಬುದು ಅದರ ಮೂಲಾರ್ಥ. ಇಂಗ್ಲಿಷಿನ ‘ಕೋಚ್’ ಹಂಗೇರಿ ದೇಶದ ಕೋಚ್ ಎಂಬ ಹಳ್ಳಿಯ ಹೆಸರಿನಿಂದ ಹುಟ್ಟಿದ್ದು. ಆ ಹಳ್ಳಿಯಲ್ಲಿ ತಯಾರಾಗುತ್ತಿದ್ದ ಕುದುರೆ ಗಾಡಿಗೆ ಆ ಹೆಸರು ನಿಂತಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು, ತಮ್ಮನ್ನು ಪರೀಕ್ಷೆಯ ದಡ ಮುಟ್ಟಿಸುವ ಅಧ್ಯಾಪಕನನ್ನು ಪರಿಹಾಸ್ಯವಾಗಿ ಹಾಗೆ ಕರೆದರು. ಒಂದು ಶಬ್ದದಲ್ಲಿ ಪೋಷಣೆ, ಇನ್ನೊಂದರಲ್ಲಿ ಗುರಿ ಮುಟ್ಟಿಸುವ ಸಾಮರ್ಥ್ಯ. ಅಭ್ಯರ್ಥಿಯಲ್ಲಿ ಈ ಎರಡೂ ಇರಬೇಕು.

ಆಯ್ಕೆ ತಪ್ಪಿದರೆ ನಷ್ಟ ಯಾರಿಗೆ? ವೃತ್ತಿಪರ ತಂಡವಾದರೆ ಧನಿಕರ ಹಣ ಹೋಗುತ್ತದೆ, ಅಷ್ಟೆ. ಕಾಲೇಜಿನ ಮಾತು ಬೇರೆ. ನಮ್ಮ ಆವತಿಯಂತಹ ಊರಿನ ಬಯಲಿನಲ್ಲಿ ಬರಿಗಾಲಿನಲ್ಲಿ ಚೆಂಡನ್ನು ಒದ್ದು ಕಲಿತ ಹುಡುಗನು ದೇವನಹಳ್ಳಿಗೋ ಚಿಕ್ಕಬಳ್ಳಾಪುರಕ್ಕೋ ಬೆಂಗಳೂರಿಗೋ ಹೋಗಿ ಕಾಲೇಜು ಸೇರಿದನೆನ್ನಿ. ಪದವಿಗೆ ಸಾಮಾನ್ಯವಾಗಿ ಅವನಿಗೆ ಇರುವುದು ಮೂರು ವರ್ಷ. ಆ ಮೂರು ವರ್ಷ ಅಯೋಗ್ಯನ ಕೈಯಲ್ಲಿ ಕಳೆದರೆ ಅವು ಮರಳಿ ಬಾರವು. ನೋವಿದ್ದ ಮಂಡಿಯಲ್ಲೇ ಅವನನ್ನು ಪಂದ್ಯಕ್ಕೆ ಇಳಿಸಿ, ಮುಂದೆ ಅವನು ಹೊಲದ ಕೆಲಸಕ್ಕೂ ಕುಂಟುವಂತಾದರೆ, ಗೆದ್ದ ಬಟ್ಟಲು ಕಾಲೇಜಿನ ಕಪಾಟಿನಲ್ಲಿರುತ್ತದೆ, ನೋವು ಅವನ ಮನೆಯಲ್ಲಿರುತ್ತದೆ. ಆದ್ದರಿಂದ ಆಯ್ಕೆ ಸಮಿತಿಯವರು ಆ ಹುಡುಗನ ತಂದೆಯ ಸ್ಥಾನದಲ್ಲಿ ಕುಳಿತು ವಿಚಾರಿಸತಕ್ಕದ್ದು.

ಮೊದಲನೆಯದು ಅಗತ್ಯದ ನಿರ್ಣಯ. ಅರ್ಜಿಗಳನ್ನು ಬಿಡಿಸುವ ಮೊದಲೇ, ನಮಗೆ ಬೇಕಾದುದೇನೆಂದು ಸಮಿತಿ ಬರೆದಿಟ್ಟುಕೊಳ್ಳಬೇಕು. ಹೊಸದಾಗಿ ತಂಡ ಕಟ್ಟಬೇಕೇ, ಇರುವ ಒಳ್ಳೆಯ ತಂಡವನ್ನು ಕಾಪಾಡಬೇಕೇ, ಚೆದುರಿದುದನ್ನು ಕೂಡಿಸಬೇಕೇ? ಬೇಕಾದುದನ್ನು ಅರಿಯದೆ ಸಂತೆಗೆ ಹೋದವನು ಥಳುಕಿನ ವಸ್ತುವನ್ನೇ ಕೊಂಡು ಬರುತ್ತಾನೆ.

ಎರಡನೆಯದು ವಿದ್ಯಾರ್ಹತೆ. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಸ್ಥಾಪನೆಯಾದ ಮೇಲೆ ನಮ್ಮ ದೇಶದಲ್ಲಿ ತರಬೇತಿಯು ಒಂದು ಶಾಸ್ತ್ರವಾಗಿ ಬೋಧನೆಗೆ ಬಂದಿತು. ಈಗ ಕಾಲ್ಚೆಂಡಾಟಕ್ಕೆಂದೇ ‘ಡಿ’ ಇಂದ ಮೊದಲ್ಗೊಂಡು ‘ಸಿ’, ‘ಬಿ’, ‘ಎ’, ಕಡೆಗೆ ‘ಪ್ರೊ’ ಎಂಬ ಮೆಟ್ಟಿಲುಗಳ ಲೈಸೆನ್ಸುಗಳಿವೆ. ಅಭ್ಯರ್ಥಿಯು ಶಾಸ್ತ್ರ ಓದಿದ್ದಾನೆಂಬುದನ್ನು ಇವು ತಿಳಿಸುತ್ತವೆ. ಓದಿದ್ದನ್ನು ಹುಡುಗರ ಕಾಲಿಗೆ ಇಳಿಸಬಲ್ಲನೇ ಎಂಬುದನ್ನು ತಿಳಿಸುವುದಿಲ್ಲ. ವ್ಯಾಕರಣ ಪರೀಕ್ಷೆಯಲ್ಲಿ ತೇರ್ಗಡೆಯಾದವರೆಲ್ಲರೂ ಒಳ್ಳೆಯ ಪಾಠ ಹೇಳುವವರಲ್ಲವಷ್ಟೆ. ಪ್ರಮಾಣಪತ್ರವಿಲ್ಲದವನನ್ನು ಹೊರಗಿಡಲು ಅದು ಸಾಧನ. ಇರುವವರಲ್ಲಿ ಉತ್ತಮನನ್ನು ಆರಿಸಲು ಅದೊಂದೇ ಸಾಲದು.

ಮೂರನೆಯದಾದ ಪೂರ್ವಸಾಧನೆಯ ವಿಚಾರ ಹೆಚ್ಚು ಸೂಕ್ಷ್ಮವಾದುದು. ಎಷ್ಟು ಗೆದ್ದನೆಂಬುದಕ್ಕಿಂತ, ಕೈಗೆ ಕೊಟ್ಟದ್ದರಿಂದ ಏನು ಮಾಡಿದನೆಂಬುದು ಮುಖ್ಯ. ಮಿಜೋರಾಮಿನ ಐಜ್ವಾಲ್ ತಂಡದ ನಿದರ್ಶನವನ್ನು ನೋಡಿ. ಕೆಳಗಿನ ದರ್ಜೆಗೆ ಇಳಿಯಬೇಕಾಗಿದ್ದು ಹೇಗೋ ಉಳಿದುಕೊಂಡ, ಹಣಬಲವಿಲ್ಲದ ಆ ತಂಡ 2016-17ರಲ್ಲಿ ಐ-ಲೀಗ್ ಪ್ರಶಸ್ತಿ ಗೆದ್ದಿತು. ಅದರ ತರಬೇತುದಾರರು ಖಾಲಿದ್ ಜಮೀಲ್. ಶ್ರೀಮಂತ ತಂಡವೊಂದರ ಮೂರು ಗೆಲುವುಗಳಿಗಿಂತ ಇಂತಹ ಒಂದು ಗೆಲುವು ತೂಕದ್ದು.

ಅನುಭವದ ವರ್ಷಗಳನ್ನೂ ಕುರುಡಾಗಿ ಎಣಿಸಬಾರದು. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್‌.ಸಿ. ಸಂಸ್ಥೆಯು ಇಂಗ್ಲೆಂಡಿನಲ್ಲಿ ಸಹಾಯಕ ಸ್ಥಾನಗಳಲ್ಲಿ ದುಡಿದಿದ್ದ ಆಶ್ಲೀ ವೆಸ್ಟ್‌ವುಡ್ ಅವರಿಗೆ ತಂಡವನ್ನು ಒಪ್ಪಿಸಿತು. ಮೊದಲ ವರ್ಷವೇ ಐ-ಲೀಗ್ ಪ್ರಶಸ್ತಿ ಬಂದಿತು. ಅದೇ ಸಂಸ್ಥೆಯು 2018ರಲ್ಲಿ, ಆಲ್ಬರ್ಟ್ ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಅವರನ್ನೇ ಮುಖ್ಯಸ್ಥಾನಕ್ಕೆ ಏರಿಸಿದಾಗ, 2018-19ರ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ ಅದರದಾಯಿತು. ಎರಡನೆಯವನಾಗಿ ನಿಷ್ಠೆಯಿಂದ ದುಡಿದು ಕಲಿತವನು ಮೊದಲನೆಯವನಾಗಲು ಅರ್ಹನಾಗಿರಬಹುದೆಂಬುದಕ್ಕೆ ಇವು ಸಾಕ್ಷಿ.

ನಾಲ್ಕನೆಯದು ಬೋಧನಶಕ್ತಿ. ಇದಕ್ಕೆ ಸೈಯದ್ ಅಬ್ದುಲ್ ರಹೀಮ್ ಅವರಿಗಿಂತ ಮಿಗಿಲಾದ ಉದಾಹರಣೆ ನಮ್ಮ ದೇಶದಲ್ಲಿ ದೊರೆಯಲಾರದು. ಹೈದರಾಬಾದಿನ ಶಾಲಾ ಉಪಾಧ್ಯಾಯರಾಗಿದ್ದ ಅವರು ಅಲ್ಲಿನ ಸಿಟಿ ಪೊಲೀಸ್ ತಂಡವನ್ನು ತಿದ್ದಿದರು. ಆ ತಂಡ 1950ರಿಂದ 1954ರವರೆಗೆ ಸತತವಾಗಿ ಐದು ಸಲ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡ ಅವರ ಕೈಯಲ್ಲಿ 1951ರ ಮತ್ತು 1962ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಆ ಮೆಲ್ಬರ್ನ್ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯನವರಿದ್ದರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ದುರ್ಬಲವಾದ ಕಾಲಿನಿಂದಲೇ ಚೆಂಡನ್ನು ಆಡಬೇಕೆಂಬ ನಿಯಮದ ಪಂದ್ಯಗಳನ್ನು ಏರ್ಪಡಿಸಿ, ಆಟಗಾರನ ಕೊರತೆಯನ್ನು ಅವನೇ ಕಂಡು ತುಂಬಿಕೊಳ್ಳುವಂತೆ ರಹೀಮರು ಮಾಡುತ್ತಿದ್ದರು. ಇದು ಶುದ್ಧ ಉಪಾಧ್ಯಾಯನ ಬುದ್ಧಿ. ಕಾಲೇಜಿಗೆ ಬೇಕಾದವನು ಇಂತಹವನೇ.

ಐದನೆಯದು ಶೀಲ. ಮಹಾಭಾರತದಲ್ಲಿ ರಾಜಕುಮಾರರ ಚೆಂಡು ಬಾವಿಗೆ ಬಿದ್ದಾಗ, ಹುಲ್ಲುಕಡ್ಡಿಗಳನ್ನು ಮಂತ್ರಿಸಿ ಒಂದಕ್ಕೊಂದು ನಾಟುವಂತೆಸೆದು ಅದನ್ನು ಮೇಲೆತ್ತಿದ ದ್ರೋಣನ ಕಥೆ ಪ್ರಸಿದ್ಧ. ಆ ಚಮತ್ಕಾರದ ಸುದ್ದಿ ಕೇಳಿ ಭೀಷ್ಮನು ಅವನನ್ನು ಕರೆಸಿ ಮೊಮ್ಮಕ್ಕಳನ್ನು ಒಪ್ಪಿಸಿದ. ದ್ರೋಣನ ವಿದ್ಯೆಯಲ್ಲಿ ಕೊರತೆಯಿರಲಿಲ್ಲ. ಆದರೆ ದ್ರುಪದನ ಮೇಲಣ ಅವನ ಹಳೆಯ ಹಗೆಯನ್ನು ತೀರಿಸಿದವರು ಶಿಷ್ಯರು. ಅವನ ಪಕ್ಷಪಾತಕ್ಕೆ ಹೆಬ್ಬೆರಳನ್ನು ತೆತ್ತವನು ಏಕಲವ್ಯ. ಅಭ್ಯರ್ಥಿಯು ಏಕೆ ಬಂದಿದ್ದಾನೆ, ಹಿಂದಿನ ಸ್ಥಾನವನ್ನು ಏಕೆ ಬಿಟ್ಟ, ಹೆಸರಿಲ್ಲದ ಮನೆಯ ಹುಡುಗನನ್ನು ಹೇಗೆ ಕಾಣುತ್ತಾನೆ ಎಂಬುದನ್ನು ಕೇಳದೆ ಕೇವಲ ಕೌಶಲಕ್ಕೆ ಮರುಳಾಗಬಾರದು. ಪದವಿಪೂರ್ವ ತರಗತಿಯ ಮಕ್ಕಳಲ್ಲಿ ಬಹುಮಂದಿ ಹದಿನೆಂಟು ತುಂಬದವರು. ಅವರ ರಕ್ಷಣೆಗೆ 2012ರ ಪೋಕ್ಸೊ ಕಾಯಿದೆಯಿದೆ. ಹಿಂದೆ ದುಡಿದ ಕಡೆಯಲ್ಲೆಲ್ಲ ಅವನ ನಡತೆಯನ್ನು ವಿಚಾರಿಸುವುದು ಸಂಶಯಬುದ್ಧಿಯಲ್ಲ, ಕರ್ತವ್ಯ.

ಇನ್ನು ಪರೀಕ್ಷಿಸುವ ಕ್ರಮ. ಸಂದರ್ಶನದ ಕೊಠಡಿಯ ಮಾತು ಕಾಲುಭಾಗ, ಬಯಲಿನ ಕೆಲಸ ಮುಕ್ಕಾಲು ಭಾಗವೆಂದು ಎಣಿಸಬೇಕು. ಪರಿಚಯವಿಲ್ಲದ ಇಪ್ಪತ್ತು ಹುಡುಗರನ್ನು ಒಂದು ಗಂಟೆಯ ಕಾಲ ಅವನಿಗೆ ಒಪ್ಪಿಸಿ, ದೂರದಲ್ಲಿ ನಿಂತು ನೋಡಿರಿ. ಎಷ್ಟು ಬೇಗ ಹೆಸರು ಹಿಡಿದು ಕರೆಯುತ್ತಾನೆ? ತಪ್ಪಿದವನನ್ನು ಬೈಯುವನೇ, ತಿದ್ದುವನೇ? ಹುಡುಗರು ಹೆಚ್ಚು ಹೊತ್ತು ಚೆಂಡಿನೊಡನಿರುವರೋ, ಸಾಲಿನಲ್ಲಿ ನಿಂತು ಭಾಷಣ ಕೇಳುವರೋ? ಗಂಟೆಯ ಕೊನೆಗೆ ಎಲ್ಲರಿಗಿಂತ ಮಂದನಾದ ಹುಡುಗನಿಗೆ ಏನಾದರೂ ಹೊಸದು ಬಂದಿದೆಯೇ? ಬಳಿಕ ಎರಡು ಪ್ರಶ್ನೆಗಳನ್ನು ಕೇಳಿರಿ: ‘ಅಂತಿಮ ಪಂದ್ಯದ ದಿನ ನಿಮ್ಮ ಅತ್ಯುತ್ತಮ ಆಟಗಾರನ ಕಾಲು ನೋಯುತ್ತಿದ್ದರೆ ಏನು ಮಾಡುವಿರಿ? ಪರೀಕ್ಷೆಯೂ ಪಂದ್ಯವೂ ಒಂದೇ ದಿನ ಬಂದರೆ?’ ಉತ್ತರಕ್ಕಿಂತಲೂ ಉತ್ತರಿಸುವ ಮುನ್ನ ಅವನು ಯೋಚಿಸಿದನೇ ಎಂಬುದನ್ನು ಗಮನಿಸಿರಿ. ಅವನ ಹಳೆಯ ಶಿಷ್ಯರನ್ನು ಕಾಣುವಾಗ, ಹೆಸರುವಾಸಿಯಾದವನನ್ನು ಮಾತ್ರವಲ್ಲ, ವರ್ಷವೆಲ್ಲ ಹೆಚ್ಚುವರಿ ಆಟಗಾರನಾಗಿ ಬದಿಯಲ್ಲಿ ಕುಳಿತವನನ್ನೂ ಕೇಳಿರಿ. ಆಡುವ ಅವಕಾಶ ದೊರೆಯದವನೂ ಗುರುವನ್ನು ಹೊಗಳಿದರೆ ಆ ಗುರು ದೊಡ್ಡವನು.

ಇಷ್ಟು ತೂಗಿ ಆರಿಸಿದರೂ ಫಲ ನಿಶ್ಚಿತವಲ್ಲ. ಮೇಲೆ ಹೇಳಿದ ಖಾಲಿದ್ ಜಮೀಲ್ ಅವರನ್ನು 2025ರ ಆಗಸ್ಟ್‌ನಲ್ಲಿ, ನೂರೆಪ್ಪತ್ತು ಅರ್ಜಿಗಳನ್ನು ಜಾಲಿಸಿ ಉಳಿಸಿಕೊಂಡ ಮೂವರಲ್ಲಿ ಒಬ್ಬರಾಗಿ, ಭಾರತ ತಂಡದ ಮುಖ್ಯ ತರಬೇತುದಾರರನ್ನಾಗಿ ಆರಿಸಲಾಯಿತು. ಮೊದಲ ಪಂದ್ಯಾವಳಿಯಲ್ಲಿ ತಂಡ ಮೂರನೆಯ ಸ್ಥಾನ ಪಡೆದು ಮೆಚ್ಚುಗೆಗೆ ಪಾತ್ರವಾಯಿತು. ಕೆಲವೇ ವಾರಗಳಲ್ಲಿ 2027ರ ಏಷ್ಯಾ ಕಪ್ಪಿನ ಅರ್ಹತೆಯನ್ನು ಕಳೆದುಕೊಂಡಿತು. ಹೊಗಳಿಕೆಯೂ ತೆಗಳಿಕೆಯೂ ಎಷ್ಟು ಅವಸರದವೆಂಬುದಕ್ಕೆ ಇದು ನಿದರ್ಶನ. ಮೈಸೂರು ತಂಡ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೇಲೆ, ಅದು ಮತ್ತೆ ಕನ್ನಡ ನಾಡಿಗೆ ಬರಲು 2023ರ ಮಾರ್ಚ್‌ವರೆಗೆ, ಐವತ್ತನಾಲ್ಕು ವರ್ಷ ಕಾಯಬೇಕಾಯಿತು. ಕಾಲ್ಚೆಂಡಾಟದಲ್ಲಿ ಬಿತ್ತಿದ ವರ್ಷವೇ ಬೆಳೆ ಬಾರದು. ಆರಿಸಿದವನಿಗೆ ಒಂದು ತಂಡ ಸೇರಿ ಹೊರಹೋಗುವಷ್ಟು, ಎಂದರೆ ಮೂರು ವರ್ಷಗಳ, ಅವಕಾಶ ಕೊಡುವುದು ನ್ಯಾಯ.

ಆ ಅವಧಿ ಮುಗಿದಾಗ ಬಟ್ಟಲುಗಳನ್ನು ಎಣಿಸಿರಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೆ ಮೊದಲು, ಅವನ ಕೈಗೆ ಬಂದ ಹುಡುಗರಲ್ಲಿ ಎಷ್ಟು ಮಂದಿ ನೆಟ್ಟಗಿರುವ ಕಾಲಿನಿಂದ, ತೇರ್ಗಡೆಯಾದ ಪದವಿಯಿಂದ, ಆಟದ ಮೇಲಿನ ಪ್ರೀತಿ ಕೆಡದೆ ಮನೆಗೆ ಮರಳಿದರೆಂಬುದನ್ನು ಎಣಿಸಿರಿ. ಆ ಲೆಕ್ಕ ಸರಿಯಾಗಿದ್ದರೆ ಆಯ್ಕೆ ಸಾರ್ಥಕವಾಯಿತೆಂದು ತಿಳಿಯತಕ್ಕದ್ದು.