ಜಾಗವಿಲ್ಲದ ಮನೆಗೆ ಹೊಸ ಒಕ್ಕಲು

ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ನಮ್ಮವರ ಮನೆಗೆ ಹೋದಾಗ ಕಾಫಿ-ತಿಂಡಿಯಾಗಿ, ಊರ ಸುದ್ದಿ, ಮಕ್ಕಳ ಓದು, ರಜಕ್ಕೆ ರೈಲಿನ ಟಿಕೆಟು ಇವೆಲ್ಲ ಮುಗಿದ ಮೇಲೆ ಈಚೆಗೆ ಇನ್ನೊಂದು ವಿಷಯ ಮಾತಿಗೆ ಬರುತ್ತಿದೆ. ಮನೆಯ ಕಂಪ್ಯೂಟರು ಹೊಸ ವಿಂಡೋಸಿಗೆ ಹೋಗಲೊಲ್ಲದು. ಒಂದು ತಾಸು ತಿರುಗುತ್ತದೆ, ಎರಡು ಸಲ ಆರಿ ಹೊತ್ತಿಕೊಳ್ಳುತ್ತದೆ, ಕೊನೆಗೆ ಅರ್ಥವಾಗದ ಒಂದು ಅಂಕಿಯನ್ನು ತೋರಿಸಿ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತದೆ.

ಎಲ್ಲರಿಗೂ ಒಂದೇ ಕಾಲಕ್ಕೆ ಈ ತೊಂದರೆ ಬಂದದ್ದು ಸುಮ್ಮನೆ ಅಲ್ಲ. 2015ರ ಜುಲೈ 29ರಂದು ಹೊರಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯವರು ಪುಕ್ಕಟೆಯಾಗಿ ಕೊಡುತ್ತಿದ್ದ ಭದ್ರತೆಯ ತಿದ್ದುಪಡಿಗಳನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದರು. ಮನೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ರಕ್ಷಣೆ ಮುಂದುವರಿಯುವುದೆಂದು ಪ್ರಕಟಿಸಿದರು. ಬ್ಯಾಂಕಿನ ವ್ಯವಹಾರ, ಮಕ್ಕಳ ಪ್ರವೇಶಪತ್ರ, ಆಧಾರ್ ಚೀಟಿ ಎಲ್ಲವೂ ಆ ಯಂತ್ರದಲ್ಲೇ ಆಗುವಾಗ ಬೀಗವಿಲ್ಲದ ಬಾಗಿಲಿನ ಮನೆಯಲ್ಲಿ ಎಷ್ಟು ದಿನ ಇರುವುದು? ಆದ್ದರಿಂದ ಎಲ್ಲರೂ ವಿಂಡೋಸ್ 11ರ ಕಡೆ ಹೊರಟರು, ಹೊರಟವರಲ್ಲಿ ಅನೇಕರು ಹೊಸ್ತಿಲಲ್ಲೇ ಎಡವಿದರು.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿ.ಬಿ. ಡಿಸ್ಕು, 4 ಜಿ.ಬಿ. ರ‍್ಯಾಮ್, ಅದರ ಜೊತೆಗೆ ಟಿ.ಪಿ.ಎಂ. 2.0 ಎಂಬ ಭದ್ರತೆಯ ಅಂಗ, ಅವರು ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರು ಇವು ಬೇಕು. ಇವು ಇವೆಯೋ ಇಲ್ಲವೋ ಎಂಬುದನ್ನು 'ಪಿ.ಸಿ. ಹೆಲ್ತ್ ಚೆಕ್' ಎಂಬ ಪುಕ್ಕಟೆ ತಂತ್ರಾಂಶ ಎರಡು ನಿಮಿಷದಲ್ಲಿ ಹೇಳುತ್ತದೆ. ಅದು ಇಲ್ಲವೆಂದರೆ ಜಾಗ ಬಿಡಿಸಿ ಫಲವಿಲ್ಲ. ಹೌದೆಂದ ಮೇಲೂ ಕೆಲಸ ಕೆಟ್ಟರೆ ನಾವು ಮೊದಲು ಅನುಮಾನಿಸಬೇಕಾದದ್ದು ಜಾಗವನ್ನು.

ಜಾಗ ಏಕೆ ಬೇಕು? ಹಳೆಯದರ ಸ್ಥಾನದಲ್ಲಿ ಹೊಸದು ಕೂರುತ್ತದಲ್ಲವೇ ಎಂದು ಕೇಳೀರಿ. ಸರಕಾರಿ ಕ್ವಾರ್ಟರ್ಸಿನಲ್ಲಿ ಇದ್ದವರಿಗೆ ಇದು ಬೇಗ ತಿಳಿದೀತು. ಹಳೆಯ ಅಧಿಕಾರಿಗೆ ವರ್ಗವಾಗಿದೆ, ಆದರೆ ಇನ್ನೂ ಮನೆ ಬಿಟ್ಟಿಲ್ಲ. ಅಷ್ಟರಲ್ಲೇ ಹೊಸಬರ ಲಾರಿ ಬಾಗಿಲಿಗೆ ಬಂದು ನಿಂತಿದೆ. ಒಂದು ರಾತ್ರಿ ಎರಡು ಸಂಸಾರದ ಸಾಮಾನೂ ಒಂದೇ ಮನೆಯಲ್ಲಿ ಇರಬೇಕು. ವಿಂಡೋಸಿನ ಬದಲಾವಣೆಯೂ ಹೀಗೆಯೇ. ಹೊಸ ವ್ಯವಸ್ಥೆಯ ಮೂಟೆ ಮೊದಲು ಇಳಿಯಬೇಕು, ಅಲ್ಲೇ ಬಿಚ್ಚಬೇಕು, ಹಳೆಯದನ್ನು ಒಂದು ಕೋಣೆಗೆ ಸರಿಸಿ ಇಟ್ಟುಕೊಂಡಿರಬೇಕು. ನಡುವೆ ಏನಾದರೂ ಕೆಟ್ಟರೆ ಹಿಂತಿರುಗುವುದಕ್ಕೆ ಆ ಹಳೆಯದೇ ಆಧಾರ. ಯಂತ್ರ ಮತ್ತೆ ಹಳೆಯ ವಿಂಡೋಸಿಗೇ ಬಂದು ನಿಂತಿತೆಂದು ಬೇಸರಪಡುವವರಿಗೆ ನಾವು ಹೇಳುವುದು, ಹಾಗೆ ಬಂದು ನಿಂತದ್ದೇ ಪುಣ್ಯ ಎಂದು.

ಆದರೆ ಇಲ್ಲಿ ಒಂದು ತಮಾಷೆಯುಂಟು. ಸೋತ ಪ್ರಯತ್ನದ ಮೂಟೆ ಅನೇಕ ವೇಳೆ ಅಲ್ಲೇ ಉಳಿದುಬಿಡುತ್ತದೆ. ಮೊದಲ ಸಲ 2 ಜಿ.ಬಿ. ಸಾಲದೆ ಹೋಗಿದ್ದರೆ ಎರಡನೆಯ ಸಲ 6 ಜಿ.ಬಿ. ಸಾಲದೆ ಹೋಗುತ್ತದೆ. ಏನನ್ನೂ ತೆಗೆಯದೆ ದಿನವೂ ಸಂಜೆ ಅದೇ ಗುಂಡಿಯನ್ನು ಒತ್ತುವವರು ಇದನ್ನು ನೆನಪಿಡಬೇಕು.

ಯಂತ್ರ ತೋರಿಸುವ ಅಂಕಿಯೂ ಮಂತ್ರವೇನಲ್ಲ. 0ಎಕ್ಸ್80070070 ಎಂದು ಬಂದರೆ ಅದರ ಕೊನೆಯ 70 ಎಂಬುದು ಹದಿನಾರರ ಲೆಕ್ಕದ ಎಪ್ಪತ್ತು, ನಮ್ಮ ಲೆಕ್ಕಕ್ಕೆ 112. ವಿಂಡೋಸಿನ ದೋಷಗಳ ಪಟ್ಟಿಯಲ್ಲಿ 112ನೆಯದು 'ಡಿಸ್ಕಿನಲ್ಲಿ ಜಾಗ ಸಾಲದು' ಎಂಬುದು. ಇಷ್ಟನ್ನು ನೆಟ್ಟಗೆ ಹೇಳಬಾರದಾಗಿತ್ತೇ ಎಂದು ನಮಗೂ ಅನ್ನಿಸಿದೆ. ಕಚೇರಿಯ ಟಿಪ್ಪಣಿ ಬರೆಯುವ ನಾವು ಆ ಮಾತನ್ನು ಹೆಚ್ಚು ಆಡುವಂತಿಲ್ಲ.

ಅಂಕಿ ಕಂಡೊಡನೆ ಹೆಚ್ಚಿನವರು ಯಂತ್ರವನ್ನು ಹೊತ್ತು ಅಂಗಡಿಗೆ ಹೋಗುತ್ತಾರೆ. ಅಲ್ಲಿ ಸಿಗುವ ಉತ್ತರ ಮೂರೂ ಊರಿನಲ್ಲಿ ಒಂದೇ: "ಫಾರ್ಮ್ಯಾಟ್ ಕರೀ ನಾಖೋ." ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದು ಅಂಗಡಿಯವನಿಗೆ ಸುಲಭ, ಒಂದು ತಾಸಿನ ಕೆಲಸ. ಕಳೆಯುವುದು ಏನೆಂಬುದು ಅವನಿಗೆ ತಿಳಿಯದು, ತಿಳಿಯಬೇಕಾದ್ದೂ ಇಲ್ಲ. ಅದು ನಮಗೆ ತಿಳಿದಿರಬೇಕು.

ಸೂರತ್ತಿನ ಅಡಾಜಣದಲ್ಲಿರುವ ಗದಗಿನ ಕಡೆಯ ಒಂದು ಸಂಸಾರದಲ್ಲಿ ಹೀಗೇ ಆಯಿತು. ಅವರದು 1 ಟಿ.ಬಿ. ಡಿಸ್ಕಿನ ಯಂತ್ರ. ಇಷ್ಟು ದೊಡ್ಡ ಡಿಸ್ಕಿನಲ್ಲಿ ಜಾಗವಿಲ್ಲವೆಂದರೆ ಯಾರು ನಂಬುತ್ತಾರೆ? ಯಂತ್ರವೇ ಸುಳ್ಳು ಹೇಳುತ್ತಿದೆಯೆಂದು ಮನೆಯ ಯಜಮಾನರ ವಾದ. ತೆರೆದು ನೋಡಿದರೆ, ನಮ್ಮ ದೇಶದ ಅಂಗಡಿಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿಯಂತೆ ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಮೂರು ಪಾಲು ಮಾಡಿದ್ದರು. ವಿಂಡೋಸಿರುವ ಸಿ ಪಾಲಿಗೆ ಬಂದದ್ದು 80 ಜಿ.ಬಿ. ಮಾತ್ರ, ಅದರಲ್ಲಿ ಉಳಿದದ್ದು 3. ಡಿ, ಇ ಎರಡೂ ಹೆಚ್ಚುಕಡಿಮೆ ಬರಿದು. ಅಣ್ಣತಮ್ಮಂದಿರು ಪಾಲಾದ ಮನೆಯಲ್ಲಿ ಒಬ್ಬನ ಕೋಣೆಯಲ್ಲಿ ಕಾಲಿಡಲು ಸ್ಥಳವಿಲ್ಲ, ಇನ್ನೊಬ್ಬನ ಪಡಸಾಲೆಗೆ ಬೀಗ ಹಾಕಿದೆ ಎಂಬಂತೆ.

ಫಾರ್ಮ್ಯಾಟಿಗೆ ಅವರು ಒಪ್ಪಿಯೂ ಆಗಿತ್ತು. "ಫೋಟೋಗಳೆಲ್ಲ ಡಿ ಒಳಗ ಅದಾವ, ಸಿ ಹೋದರ ಹೋಗಲಿ ಬಿಡ್ರಿ" ಎಂದರು. ಡೆಸ್ಕ್‌ಟಾಪಿನ ಮೇಲೆ ಕಾಣುವ ವಸ್ತುಗಳು ಯಾವ ಪಾಲಿನಲ್ಲಿವೆ ಎಂದು ನಾವು ಕೇಳಿದೆವು. ಯಾರೂ ಯೋಚಿಸಿರಲಿಲ್ಲ. ಡೆಸ್ಕ್‌ಟಾಪು, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಇವು ನಾವು ಬೇರೆ ಏರ್ಪಾಡು ಮಾಡದಿದ್ದರೆ ಸಿ ಪಾಲಿನಲ್ಲೇ ಇರುತ್ತವೆ. ಅಡಿಗೆಮನೆಯಿಂದ ಮನೆಯಾಕೆ ಹೊರಗೆ ಬಂದು, "ಅಯ್ಯ, ಅತ್ತಿಯವರ ಹಾಡು ಅದರಾಗನ ಅದಾವಲ್ರೀ!" ಎಂದರು. ಅತ್ತೆಯವರು ಹಾಡಿದ್ದ ಬೀಸುವ ಪದಗಳನ್ನು ಮೊಮ್ಮಗಳು ಫೋನಿನಲ್ಲಿ ಹಿಡಿದು ಡೆಸ್ಕ್‌ಟಾಪಿನಲ್ಲಿ ಇಟ್ಟಿದ್ದಳು. ಆ ಫೋನು ಕೆಟ್ಟು ಹೋಗಿ ವರ್ಷಗಳಾಗಿವೆ. ಅತ್ತೆಯವರೂ ಈಗಿಲ್ಲ. ಇಪ್ಪತ್ತೊಂದು ಪದ, ಬೇರೆಲ್ಲೂ ಪ್ರತಿಯಿಲ್ಲ.

ಆದ್ದರಿಂದ ಜಾಗ ಬಿಡಿಸುವ ಕೆಲಸಕ್ಕೆ ಮೊದಲು ಪ್ರತಿ ತೆಗೆಯುವ ಕೆಲಸ. ಹೊರಗಿನಿಂದ ಜೋಡಿಸುವ ಒಂದು ಡಿಸ್ಕನ್ನು ಕೊಂಡೋ ಕೇಳಿ ತಂದೋ ಸಿ ಪಾಲಿನ 'ಯೂಸರ್ಸ್' ಕಡತಕೋಶವನ್ನು ಪೂರ್ತಿ ನಕಲು ಮಾಡಬೇಕು. ನಕಲು ಮಾಡಿದರೆ ಸಾಲದು, ಆ ನಕಲಿನಿಂದಲೇ ಒಂದೆರಡು ಹಾಡು, ಒಂದೆರಡು ಚಿತ್ರ ತೆರೆದು ನೋಡಬೇಕು. ತರುವಾಯ ಕಸ ಗುಡಿಸಬಹುದು. 'ಡಿಸ್ಕ್ ಕ್ಲೀನಪ್' ತೆರೆದು, 'ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್' ಎಂಬುದನ್ನು ಒತ್ತಿದರೆ ಹಿಂದಿನ ಸೋತ ಪ್ರಯತ್ನಗಳ ಮೂಟೆಗಳು, ಹಳೆಯ ತಿದ್ದುಪಡಿಗಳ ಶೇಷ ಎಲ್ಲ ಪಟ್ಟಿಯಾಗಿ ಬರುತ್ತವೆ. ಅಡಾಜಣದ ಯಂತ್ರದಲ್ಲಿ ಇದೊಂದರಿಂದಲೇ 14 ಜಿ.ಬಿ. ಬಿಡುಗಡೆಯಾಯಿತು. ಒಂದು ಎಚ್ಚರಿಕೆ: ಸೆಟ್ಟಿಂಗ್ಸ್‌ನಲ್ಲಿ 'ಟೆಂಪರರಿ ಫೈಲ್ಸ್' ಎಂಬಲ್ಲಿ ಬರುವ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಸಹ ಸೇರಿರುತ್ತದೆ. ಎಲ್ಲಕ್ಕೂ ಗುರುತು ಹಾಕಿ ಅಳಿಸಿದರೆ ಮಗನ ಅಂಕಪಟ್ಟಿಯೂ ಆಧಾರ್ ಪ್ರತಿಯೂ ಕಸದ ಜೊತೆಗೆ ಹೋಗುತ್ತವೆ.

ಯಂತ್ರ ಅರೆನಿದ್ರೆಗೆ ಹೋಗುವಾಗ ಬಳಸುವ ಒಂದು ದೊಡ್ಡ ಕಡತ ಸಿ ಪಾಲಿನಲ್ಲಿ ಕಣ್ಣಿಗೆ ಬೀಳದಂತೆ ಕುಳಿತಿರುತ್ತದೆ. ಸಾಮಾನ್ಯವಾಗಿ ರ‍್ಯಾಮಿನ ನೂರಕ್ಕೆ 40ರಷ್ಟು ಅದರ ಗಾತ್ರ. 8 ಜಿ.ಬಿ. ಇದ್ದರೆ 3 ಜಿ.ಬಿ.ಗೂ ಮಿಕ್ಕಿ. ಬದಲಾವಣೆ ಮುಗಿಯುವ ತನಕ ತಿಳಿದವರಿಂದ ಅದನ್ನು ನಿಲ್ಲಿಸಿಕೊಂಡರೆ ಅಷ್ಟು ಜಾಗ ಬರುತ್ತದೆ. ಇನ್ನು ಚಿತ್ರಗಳು, ವಿಡಿಯೋಗಳು. ನವರಾತ್ರಿಯ ಗರ್ಬಾ, ಉತ್ತರಾಯಣದ ಗಾಳಿಪಟ ಇವನ್ನು ಫೋನಿನಿಂದ ತಂದು ತುಂಬುವುದು 'ಪಿಕ್ಚರ್ಸ್', 'ವಿಡಿಯೋಸ್' ಎಂಬ ಕೋಶಗಳಿಗೆ. ಆ ಕೋಶದ 'ಪ್ರಾಪರ್ಟೀಸ್'ನಲ್ಲಿ 'ಲೊಕೇಶನ್' ಎಂಬಲ್ಲಿ ಡಿ ಪಾಲಿನ ವಿಳಾಸ ಕೊಟ್ಟರೆ ಇದ್ದದ್ದೆಲ್ಲ ಅಲ್ಲಿಗೆ ಸಾಗುತ್ತದೆ, ಮುಂದೆ ಬರುವುದೂ ಅಲ್ಲೇ ಸೇರುತ್ತದೆ. ಅಡಾಜಣದವರಿಗೆ ಇಷ್ಟರಲ್ಲೇ 30 ಜಿ.ಬಿ. ದಾಟಿತು. ಸಿ ಪಾಲನ್ನೇ ಹಿಗ್ಗಿಸಬೇಕಾಗಲಿಲ್ಲ. ಹಿಗ್ಗಿಸಬೇಕಾದವರು ತಿಳಿದಿರಬೇಕಾದ್ದೆಂದರೆ, ವಿಂಡೋಸಿನ ಸ್ವಂತ ಸಾಧನ ಸಿ ಪಾಲನ್ನು ಹಿಗ್ಗಿಸುವುದು ಅದರ ಬಲಕ್ಕೆ ತಾಗಿಕೊಂಡ ಜಾಗ ಯಾರ ಪಾಲೂ ಆಗದೆ ಬರಿದಿದ್ದರೆ ಮಾತ್ರ. ಎಂದರೆ ಡಿ ಪಾಲನ್ನು ಬೇರೆಡೆಗೆ ನಕಲು ಮಾಡಿ, ಅಳಿಸಿ, ಆಮೇಲೆ. ನಕಲಿಲ್ಲದೆ ಆ ಕೆಲಸಕ್ಕೆ ಕೈ ಹಾಕಬಾರದು.

ಗುಡಿಸುವ ಉತ್ಸಾಹದಲ್ಲಿ ಕೆಲವರು ವಿಂಡೋಸಿನದೇ ಕೋಶಗಳ ಒಳಹೊಕ್ಕು, ದೊಡ್ಡದಾಗಿ ಕಂಡದ್ದನ್ನು ಅಳಿಸುತ್ತಾರೆ. 'ವಿನ್‌ಎಸ್‌ಎಕ್ಸ್‌ಎಸ್' ಎಂಬ ಕೋಶಕ್ಕೆ ಈ ಗಂಡಾಂತರ ಹೆಚ್ಚು. ಅದು ತಿದ್ದುಪಡಿಗಳ ಉಗ್ರಾಣ. ಅದನ್ನು ಕೈಯಿಂದ ಅಳಿಸಿದರೆ ಹೊಸದು ಬರುವುದಿರಲಿ, ಹಳೆಯದೂ ಏಳುವುದಿಲ್ಲ. ಕಚೇರಿಯ ರೆಕಾರ್ಡ್ ರೂಮಿನಲ್ಲಿ ಯಾವ ಕಡತ ಶಾಶ್ವತ, ಯಾವುದು ಇಷ್ಟು ವರ್ಷಕ್ಕೆ, ಯಾವುದನ್ನು ಯಾರ ರುಜುವಿನಿಂದ ನಾಶಮಾಡಬೇಕು ಎಂಬುದಕ್ಕೆ ನಿಯಮವಿರುವುದು ವ್ಯರ್ಥಕ್ಕಲ್ಲ.

ಸಿ ಪಾಲಿನಲ್ಲಿ ಬೇಕಾದಷ್ಟು ಜಾಗವಿದ್ದೂ ಕೆಲಸ ಕೆಡುವುದುಂಟು. ಅಹಮದಾಬಾದಿನ ಪೋಳಗಳ ಹಳೆಯ ಮನೆಗಳಲ್ಲಿ ಅಂಗಳದ ಕೆಳಗೆ ಮಳೆನೀರಿನ ಟಾಂಕಾ ಇರುವುದನ್ನು ನೀವು ನೋಡಿರಬಹುದು. ಮೇಲೆ ನಡೆದಾಡುವವರಿಗೆ ಅದರ ಸುಳಿವೇ ಇರದು. ಡಿಸ್ಕಿನಲ್ಲೂ ಅಂಥ ಗುಪ್ತವಾದ ಸಣ್ಣ ಪಾಲುಗಳಿವೆ. ಯಂತ್ರ ಹೊತ್ತಿಕೊಳ್ಳುವಾಗ ಮೊದಲು ಓದುವ ಪಾಲು ಅನೇಕ ಯಂತ್ರಗಳಲ್ಲಿ ಬರಿಯ 100 ಎಂ.ಬಿ. ಕೆಲವು ವೈರಸ್ ನಿರೋಧಕ ತಂತ್ರಾಂಶಗಳೂ ಅಲ್ಲಿ ಬರೆದು ಅದನ್ನು ತುಂಬಿಸಿಬಿಡುತ್ತವೆ. ಆಗ 'ಸಿಸ್ಟಮ್ ರಿಸರ್ವ್ಡ್ ಪಾರ್ಟಿಶನ್' ಎಂಬ ಹೆಸರು ದೋಷದ ಮಾತಿನಲ್ಲಿ ಬರುತ್ತದೆ. ದುರಸ್ತಿಯ ಪಾಲಿನ ಕಥೆಯೂ ಇಂಥದೇ. 2024ರ ಜನವರಿ 9ರಂದು ಹೊರಟ ಕೆ.ಬಿ. 5034441 ಎಂಬ ತಿದ್ದುಪಡಿಗೆ ಆ ಪಾಲಿನಲ್ಲಿ 250 ಎಂ.ಬಿ. ಬರಿದಿರಬೇಕಾಗಿತ್ತು. ಇಲ್ಲದ ಯಂತ್ರಗಳಲ್ಲೆಲ್ಲ ಅದು ಪ್ರಪಂಚದಾದ್ಯಂತ ಸೋತಿತು, ಮತ್ತು ಕಾರಣ ಹೇಳದೆ 0ಎಕ್ಸ್80070643 ಎಂಬ ಬೇರೊಂದು ಅಂಕಿಯನ್ನು ತೋರಿಸಿತು. ಜನ ತಮ್ಮ ಚಿತ್ರಗಳನ್ನು ಅಳಿಸಿ ಅಳಿಸಿ ಸೋತರು. ಚಿತ್ರಗಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಈ ಗುಪ್ತ ಪಾಲುಗಳ ಕೆಲಸ ಮಾತ್ರ ತಿಳಿದವರ ಕೈಯಿಂದಲೇ ಆಗಲಿ.

ವಡೋದರಾದಿಂದ ಬಂದ ಪ್ರಶ್ನೆಗೆ ನಮ್ಮಲ್ಲಿ ಸಿಹಿಯಾದ ಉತ್ತರವಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠ ಮನೆಗೆ ಬಂದಾಗ ಮಕ್ಕಳಿಗೆಂದು ಕೊಂಡ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಕೆಲವಕ್ಕೆ ಇರುವ ಸಂಗ್ರಹವೇ 32 ಜಿ.ಬಿ. ವಿಂಡೋಸ್ 10ರ ಕಾಲದಲ್ಲಿ ಅವಕ್ಕೆ 10 ಜಿ.ಬಿ. ಬರಿದಿರುವ ಪೆನ್‌ಡ್ರೈವನ್ನು ಚುಚ್ಚಿದರೆ ಮೂಟೆ ಬಿಚ್ಚಲು ಜಗಲಿಯಾಗಿ ಒದಗುತ್ತಿತ್ತು. 64 ಜಿ.ಬಿ. ಕೇಳುವ ವಿಂಡೋಸ್ 11 ಅಲ್ಲಿ ಹಿಡಿಯುವುದಿಲ್ಲ. ಎಷ್ಟು ಗುಡಿಸಿದರೂ ಹಿಡಿಯುವುದಿಲ್ಲ. ಅಂಥ ಯಂತ್ರವನ್ನು ಬ್ಯಾಂಕಿನ ಕೆಲಸಕ್ಕೆ ಬಳಸದಿರುವುದೇ ಲೇಸು.

ಕೊನೆಯದಾಗಿ ನಮ್ಮ ಕನ್ನಡದ ಕಡತಗಳ ಮಾತು. ಅಂಗಡಿಯವನಿಗೆ ಇದು ತಿಳಿದಿರುವ ಸಂಭವವೇ ಇಲ್ಲ. 'ನುಡಿ', 'ಬರಹ'ಗಳ ಹಳೆಯ ಆವೃತ್ತಿಗಳಲ್ಲಿ ಬೆರಳಚ್ಚು ಮಾಡಿದ ಲೇಖನ, ಲಗ್ನಪತ್ರಿಕೆ, ವಂಶಾವಳಿ ನಿಮ್ಮಲ್ಲಿ ಇರಬಹುದು. ಅವು ಯೂನಿಕೋಡಿನಲ್ಲಿ ಇಲ್ಲದಿದ್ದರೆ, ಅಕ್ಷರ ತೋರಿಸುವ ಆ ಫಾಂಟು ಹೊಸ ವ್ಯವಸ್ಥೆಯಲ್ಲಿ ಇಲ್ಲದೆ ಹೋದಾಗ ತೆರೆದೊಡನೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಕಡತ ಕೆಟ್ಟಿತೆಂದು ಅಳಿಸಿದವರನ್ನು ನಾವು ಬಲ್ಲೆವು. ಅದು ಕೆಟ್ಟಿರುವುದಿಲ್ಲ. ಆ ಫಾಂಟನ್ನು ಮತ್ತೆ ಹಾಕಿದರೆ ಓದಬಹುದು, ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿಟ್ಟರೆ ಮುಂದೆ ಆ ಚಿಂತೆಯೇ ಇಲ್ಲ. ಆದ್ದರಿಂದ ನಕಲು ತೆಗೆಯುವಾಗ ಕಡತದ ಜೊತೆಗೆ ಫಾಂಟುಗಳನ್ನೂ ತೆಗೆದಿಡಿ.

ಬದಲಾವಣೆ ನೆಟ್ಟಗೆ ಮುಗಿದ ಮೇಲೆ ಹಳೆಯ ವ್ಯವಸ್ಥೆ 'ವಿಂಡೋಸ್ ಡಾಟ್ ಓಲ್ಡ್' ಎಂಬ ಕೋಶದಲ್ಲಿ ಸಾಮಾನ್ಯವಾಗಿ 10 ದಿನ ಇರುತ್ತದೆ. ಅಷ್ಟರೊಳಗಾಗಿ ಹಿಂತಿರುಗಬಹುದು, ಆಮೇಲೆ ತಾನೇ ಅಳಿದು ಹೋಗುತ್ತದೆ. ಜಾಗ ಬಂದೀತೆಂದು ಮಾರನೆಯ ದಿನವೇ ಅದನ್ನು ಅಳಿಸಬೇಡಿ. ಪ್ರಿಂಟರಿನಲ್ಲಿ ಒಂದು ಹಾಳೆ ತೆಗೆಯಿರಿ, ಬ್ಯಾಂಕಿನ ಪುಟ ತೆರೆದು ನೋಡಿ, ಹಳೆಯ 'ನುಡಿ' ಕಡತ ಒಂದನ್ನು ಓದಿ ನೋಡಿ. ಅಡಾಜಣದ ಮನೆಯಲ್ಲಿ ಇಪ್ಪತ್ತೊಂದು ಪದಗಳನ್ನೂ ಒಂದೊಂದಾಗಿ ಹಾಕಿ ಕೇಳಿದರಂತೆ, ಅದಕ್ಕೇ ಒಂದು ಸಂಜೆ ಹಿಡಿಯಿತಂತೆ.